ಹಗುರವಾದ ಟನಲ್ ಹಲ್ ರೇಸಿಂಗ್ ದೋಣಿ: ಮೇಜಿನಿಂದ ನೀರಿನವರೆಗೆ

"ದೋಣಿ ಕಟ್ಟಿದೆ, ನೀರಿಗೆ ಬಿಟ್ಟೆ, ಒಂದೇ ಸಮನೆ ಕುಣಿಯುತ್ತಿದೆ. ಇನ್ನೂ ದೊಡ್ಡ ಮೋಟಾರ್ ಹಾಕಲಾ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ನನ್ನ ಉತ್ತರ ಹೆಚ್ಚುಕಮ್ಮಿ ಒಂದೇ. ಮೋಟಾರ್ ಹಾಗೇ ಇರಲಿ. ಮೊದಲು ದೋಣಿಯನ್ನು ತಕ್ಕಡಿ ಮೇಲಿಡಿ. ಆಮೇಲೆ ಮಗುಚಿ ಹಾಕಿ, ತಳದ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ನೂರಕ್ಕೆ ತೊಂಬತ್ತು ಪಾಲು ರೋಗ ಅಲ್ಲೇ ಸಿಗುತ್ತದೆ. ತೂಕ ಜಾಸ್ತಿಯಾಗಿರುತ್ತದೆ, ಇಲ್ಲವೇ ತಳ ಸೊಟ್ಟಗಿರುತ್ತದೆ. ಕೆಲವರದ್ದು ಎರಡೂ.

ಆದ್ದರಿಂದ ಬಿಡಿ ಬಿಡಿಯಾಗಿ ಉತ್ತರ ಕೊಡುವ ಬದಲು, ರಿಮೋಟಿನಿಂದ ಓಡುವ ಒಂದು ಸಣ್ಣ ಎಲೆಕ್ಟ್ರಿಕ್ ಟನಲ್ ದೋಣಿಯನ್ನು ಮೊದಲಿಂದ ಕೊನೆವರೆಗೆ ಕಟ್ಟುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಟನಲ್ ಹಲ್ ಅಂದರೆ ಏನು?

ಹಲ್ ಅಂದರೆ ದೋಣಿಯ ಒಡಲು. ಟನಲ್ ಹಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ತೆಪ್ಪದಂಥ ಭಾಗ ಇರುತ್ತದೆ. ಇವೇ ಸ್ಪಾನ್ಸನ್‌ಗಳು. ಇವೆರಡರ ನಡುವೆ, ಮೇಲೆ ಚಾವಣಿ ಇರುವ ಒಂದು ಸುರಂಗ. ದೋಣಿ ಓಡುವಾಗ ಮುಂದಿನಿಂದ ಗಾಳಿ ಈ ಸುರಂಗದೊಳಗೆ ನುಗ್ಗುತ್ತದೆ. ಚಾವಣಿ ಮುಂಭಾಗದಲ್ಲಿ ಸ್ವಲ್ಪ ಎತ್ತರ, ಹಿಂಭಾಗದಲ್ಲಿ ತಗ್ಗು. ಹಾಗಾಗಿ ಗಾಳಿ ಒತ್ತಿಕೊಂಡು ದೋಣಿಯನ್ನು ಮೇಲಕ್ಕೆ ಎತ್ತುತ್ತದೆ. ಪೂರ್ತಿ ವೇಗದಲ್ಲಿ ಸ್ಪಾನ್ಸನ್‌ಗಳ ಹಿಂತುದಿ ಮತ್ತು ಪ್ರೊಪೆಲ್ಲರ್‌ನ ಅರ್ಧ ಭಾಗ ಮಾತ್ರ ನೀರಿಗೆ ತಾಗಿರುತ್ತವೆ. 1981ರಿಂದ ನಡೆಯುತ್ತಿರುವ ಫಾರ್ಮುಲಾ 1 ಪವರ್‌ಬೋಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟಿ ಓಡುವ ದೋಣಿಗಳದ್ದೂ ಇದೇ ಆಕಾರ.

ದೋಣಿಯನ್ನು ಎತ್ತುವುದು ಗಾಳಿ ಅಂದಮೇಲೆ ತೂಕದ ಮಾತು ಯಾಕೆ ಇಷ್ಟು ಮುಖ್ಯ ಅಂತ ಗೊತ್ತಾಯಿತಲ್ವಾ? ಭಾರದ ದೋಣಿಗೆ ಗಾಳಿಯ ಬಲ ಸಾಲದು. ಅದು ನೀರನ್ನು ಉಜ್ಜಿಕೊಂಡೇ ಹೋಗುತ್ತದೆ. ಆಗ ಮೋಟಾರ್ ದೊಡ್ಡದು ಮಾಡುತ್ತೀರಿ. ದೊಡ್ಡ ಮೋಟಾರ್‌ಗೆ ದೊಡ್ಡ ಬ್ಯಾಟರಿ. ದೊಡ್ಡ ಬ್ಯಾಟರಿಗೆ ಇನ್ನಷ್ಟು ತೂಕ. ಈ ಗಾಣಕ್ಕೆ ಒಮ್ಮೆ ಸಿಕ್ಕಿಕೊಂಡರೆ ಸುತ್ತುತ್ತಲೇ ಇರಬೇಕು.

ಏನೇನು ಬೇಕು

ನಾನು ಇಲ್ಲಿ ಹೇಳುತ್ತಿರುವುದು ಸುಮಾರು 500 ಮಿಲಿಮೀಟರ್ ಉದ್ದದ ದೋಣಿ. ಕಲಿಯುವವರಿಗೆ ಇದು ಒಳ್ಳೆಯ ಅಳತೆ. ಇದಕ್ಕಿಂತ ಸಣ್ಣದಾದರೆ ಸಣ್ಣ ಅಲೆಗೂ ಎಗರುತ್ತದೆ.

ಮರಕ್ಕೆ: ತಳಕ್ಕೂ ಸುರಂಗದ ಪಕ್ಕಗಳಿಗೂ 1 ಮಿ.ಮೀ. ಬರ್ಚ್ ಪ್ಲೈವುಡ್, ಮೇಲ್ಮುಚ್ಚಳಕ್ಕೆ 0.8 ಮಿ.ಮೀ. ಪ್ಲೈವುಡ್, ಅಡ್ಡ ಚೌಕಟ್ಟುಗಳಿಗೆ 3 ಮಿ.ಮೀ. ಲೈಟ್ ಪ್ಲೈ, ಅಂಚುಪಟ್ಟಿಗಳಿಗೆ ಬಾಲ್ಸಾ ಅಥವಾ ಸ್ಪ್ರೂಸ್ ಕಡ್ಡಿ. ಔಟ್‌ಬೋರ್ಡ್ (ಮೋಟಾರ್, ಪ್ರೊಪೆಲ್ಲರ್ ಎಲ್ಲ ಸೇರಿದ ಹಿಂಬದಿಯ ಘಟಕ) ನೇತುಹಾಕುವ ಹಿಂಬದಿಯ ಹಲಗೆಗೆ, ಅಂದರೆ ಟ್ರಾನ್ಸಮ್‌ಗೆ, 6 ಮಿ.ಮೀ. ಗಟ್ಟಿ ಪ್ಲೈವುಡ್. ಇಲ್ಲೊಂದು ಕಡೆ ಮಾತ್ರ ತೂಕ ಉಳಿಸಲು ಹೋಗಬೇಡಿ.

ಅಂಟಿಗೆ: ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ತೆಳು ಸೂಪರ್ ಗ್ಲೂ. ಐದು ನಿಮಿಷದ ಎಪಾಕ್ಸಿ ಕೈಗೆ ಸುಲಭ, ನಿಜ. ಆದರೆ ನೀರಲ್ಲಿ ಕಾಲ ಕಳೆದಂತೆ ಅದು ಮೆತ್ತಗಾಗುತ್ತದೆ. ಒಂದು ತುಂಡನ್ನು ತಾತ್ಕಾಲಿಕವಾಗಿ ಹಿಡಿದಿಡಲು ಬಳಸಿ, ಭಾರ ಹೊರುವ ಜೋಡಣೆಗೆ ಬೇಡ.

ಯಂತ್ರಕ್ಕೆ: 28 ಮಿ.ಮೀ. ವ್ಯಾಸದ ಬ್ರಶ್‌ಲೆಸ್ ಇನ್‌ರನ್ನರ್ ಮೋಟಾರ್ (ಹೊರಗಿನ ಕವಚ ಸುಮ್ಮನಿದ್ದು ಒಳಗಿನ ಭಾಗ ಮಾತ್ರ ತಿರುಗುವಂಥದ್ದು), ದೋಣಿಗೆಂದೇ ಮಾಡಿದ ನೀರು ತಂಪಿನ ಇಎಸ್‌ಸಿ, 3ಎಸ್ ಲಿಪೋ ಬ್ಯಾಟರಿ, ಲೋಹದ ಗೇರ್ ಇರುವ ಸರ್ವೋ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಮತ್ತು ಎಲೆಕ್ಟ್ರಿಕ್ ಔಟ್‌ಬೋರ್ಡ್‌ನ ಕೆಳಭಾಗ. ಇಎಸ್‌ಸಿ ಅಂದರೆ ಬ್ಯಾಟರಿಯ ಕರೆಂಟನ್ನು ಮೋಟಾರ್‌ಗೆ ಅಳೆದು ಕೊಡುವ ನಿಯಂತ್ರಕ. ಸರ್ವೋ ಅಂದರೆ ರಿಮೋಟ್ ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್ ಪೆಟ್ಟಿಗೆ. ಲಿಪೋ ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. 3ಎಸ್ ಅಂದರೆ ಸಾಲಾಗಿ ಜೋಡಿಸಿದ ಮೂರು ಸೆಲ್, ಒಟ್ಟು 11.1 ವೋಲ್ಟ್.

ಇದರ ಜೊತೆಗೆ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಇದಿಲ್ಲದೆ ಕೆಲಸ ಶುರು ಮಾಡಬೇಡಿ.

1. ತೂಕದ ಪಟ್ಟಿ ಬರೆಯಿರಿ

ಮರ ಕತ್ತರಿಸುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನನ್ನ ಪಟ್ಟಿ ಹೀಗಿತ್ತು: ಬಣ್ಣ ಸೇರಿ ಒಡಲು 230 ಗ್ರಾಂ, ಔಟ್‌ಬೋರ್ಡ್ ಕೆಳಭಾಗ 110, ಮೋಟಾರ್ 130, ಇಎಸ್‌ಸಿ 70, 2200 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ 180, ಸರ್ವೋ ಮತ್ತು ರಿಸೀವರ್ 45, ವೈರು, ಕೊಳವೆ, ಸ್ಕ್ರೂ, ಟೇಪ್ ಎಲ್ಲ ಸೇರಿ 35. ಒಟ್ಟು 800 ಗ್ರಾಂ.

ನಿಮ್ಮ ಅಂಕಿ ಬೇರೆ ಇರಬಹುದು. ಪಟ್ಟಿ ಅಂತೂ ಇರಲೇಬೇಕು. ಕೊನೆಯ ಸಾಲನ್ನು ಎಲ್ಲರೂ ಮರೆಯುತ್ತಾರೆ. ಉದ್ದ ಬಿಟ್ಟ ವೈರು, ಬೇಕಿದ್ದಕ್ಕಿಂತ ದಪ್ಪ ಸ್ಕ್ರೂ, ಎರಡು ಸುತ್ತು ಜಾಸ್ತಿ ಟೇಪ್. ಇವೇ ಸೇರಿ ನೂರು ಗ್ರಾಂ ಆಗಿಬಿಡುತ್ತವೆ.

ಪ್ರತಿ ಹಂತ ಮುಗಿದ ಮೇಲೆ ದೋಣಿಯನ್ನು ತೂಗಿ ಪಕ್ಕದಲ್ಲಿ ಬರೆಯಿರಿ. ತೂಕ ಎಲ್ಲಿ ಕದ್ದು ಸೇರಿಕೊಂಡಿತು ಅಂತ ಆಗಲೇ ಗೊತ್ತಾಗುತ್ತದೆ.

2. ಮೋಟಾರ್ ಮತ್ತು ಪ್ರೊಪೆಲ್ಲರ್ ಲೆಕ್ಕ

ಮೋಟಾರ್ ಮೇಲೆ ಕೆವಿ ಅಂತ ಒಂದು ಸಂಖ್ಯೆ ಇರುತ್ತದೆ. ಹೊರೆ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದೇ ಅದು. 2600 ಕೆವಿ ಮೋಟಾರ್‌ಗೆ 11.1 ವೋಲ್ಟ್ ಕೊಟ್ಟರೆ ಸುಮಾರು 28,900 ಸುತ್ತು. ನೀರಲ್ಲಿ ಹೊರೆ ಬಿದ್ದಾಗ ಅದರ ನೂರಕ್ಕೆ 80 ಪಾಲು ಉಳಿಯಿತು ಅಂದುಕೊಳ್ಳಿ, 23,000 ಆಯಿತು.

ಪ್ರೊಪೆಲ್ಲರ್‌ಗೆ ಎರಡು ಅಳತೆ. ಒಂದು ವ್ಯಾಸ. ಇನ್ನೊಂದು ಪಿಚ್, ಅಂದರೆ ಒಂದು ಸುತ್ತಿಗೆ ಜಾರದೆ ಎಷ್ಟು ಮುಂದೆ ಹೋಗಬೇಕು ಅನ್ನುವುದು. ರೇಸಿಂಗ್ ಪ್ರೊಪೆಲ್ಲರ್‌ಗಳಲ್ಲಿ ಪಿಚ್ ಸಾಮಾನ್ಯವಾಗಿ ವ್ಯಾಸದ 1.4 ಪಟ್ಟು ಇರುತ್ತದೆ. 32 ಮಿ.ಮೀ. ವ್ಯಾಸಕ್ಕೆ ಸುಮಾರು 45 ಮಿ.ಮೀ. ಪಿಚ್. ಇದನ್ನು 23,000ದಿಂದ ಗುಣಿಸಿದರೆ ಗಂಟೆಗೆ 62 ಕಿ.ಮೀ. ಬರುತ್ತದೆ. ನೀರಲ್ಲಿ ಜಾರುವುದನ್ನು ಕಳೆದರೆ 50ರ ಆಸುಪಾಸು. ಮೊದಲ ದೋಣಿಗೆ ಇಷ್ಟು ಸಾಕಪ್ಪ ಸಾಕು.

ಇಲ್ಲಿ ಬೀಳುವ ಗುಂಡಿ ಯಾವುದು ಗೊತ್ತಾ? ವೇಗ ಸಾಲದು ಅಂತ ದೊಡ್ಡ ಪ್ರೊಪೆಲ್ಲರ್ ಹಾಕುವುದು. ವ್ಯಾಸ ಎರಡು ಮಿಲಿಮೀಟರ್ ಏರಿದರೂ ಕರೆಂಟ್ ಎಳೆತ ಸಿಕ್ಕಾಪಟ್ಟೆ ಏರುತ್ತದೆ. ಇಎಸ್‌ಸಿ ಬಿಸಿಯಾಗಿ ಹೊಗೆ ಬಂದ ಮೇಲೆ ಯಾವ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ. ಸಣ್ಣದರಿಂದ ಶುರು ಮಾಡಿ, ಒಂದು ನಿಮಿಷ ಓಡಿಸಿ, ದಡಕ್ಕೆ ತಂದು ಮೋಟಾರ್, ಇಎಸ್‌ಸಿ, ಬ್ಯಾಟರಿ ಮೂರನ್ನೂ ಮುಟ್ಟಿ ನೋಡಿ. ಬೆರಳನ್ನು ಆರಾಮಾಗಿ ಇಟ್ಟುಕೊಂಡಿರಲು ಆಗದಷ್ಟು ಬಿಸಿ ಇದ್ದರೆ ಪ್ರೊಪೆಲ್ಲರ್ ಇಳಿಸಿ.

ಲೋಹದ ಪ್ರೊಪೆಲ್ಲರ್‌ಗಳನ್ನು ಅಂಚು ಹರಿತ ಮಾಡಿ, ಎರಡೂ ಎಲೆಗಳ ತೂಕ ಸಮ ಮಾಡಿಯೇ ಬಳಸಬೇಕು. ಕೆಲವು ಬೆರಿಲಿಯಂ ತಾಮ್ರದಲ್ಲಿ ಎರಕ ಹೊಯ್ದವು. ಅದರ ಪುಡಿ ಶ್ವಾಸಕೋಶಕ್ಕೆ ಬಹಳ ಅಪಾಯ. ಒಣಗಿದ್ದಾಗ ಉಜ್ಜಲೇಬೇಡಿ. ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿಕೊಂಡು, ಮನೆಯೊಳಗಲ್ಲದೆ ಹೊರಗೆ ಕೂತು ಉಜ್ಜಿ. ಆ ನೀರನ್ನೂ ಬಟ್ಟೆಯನ್ನೂ ಅಲ್ಲೇ ಒಣಗಲು ಬಿಡಬೇಡಿ.

3. ತುಂಡುಗಳನ್ನು ಕತ್ತರಿಸುವುದು

ನಕ್ಷೆಯನ್ನು ಪ್ಲೈವುಡ್ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಕೊಯ್ಯಿರಿ. ಎಡ-ಬಲ ಜೋಡಿ ತುಂಡುಗಳನ್ನು ಒಟ್ಟಿಗೆ ಟೇಪ್ ಸುತ್ತಿ ಒಂದೇ ಸಲ ಉಜ್ಜಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ. ಅಡ್ಡ ಚೌಕಟ್ಟುಗಳ ನಡುವೆ ತೂತು ಕೊರೆದು ತೂಕ ಇಳಿಸಬಹುದು, ಆದರೆ ಸುತ್ತಲೂ 8 ಮಿ.ಮೀ. ಆದರೂ ಮರ ಉಳಿಯಲಿ. ಚಡಿಗಳು ತುಂಬ ಬಿಗಿಯಾಗಿದ್ದರೆ ಸುತ್ತಿಗೆ ಬೇಡ, ಸ್ಯಾಂಡ್‌ಪೇಪರ್‌ನಿಂದ ಸವರಿ. ಒತ್ತಿ ಕೂರಿಸಿದ ತುಂಡು ಇಡೀ ಒಡಲನ್ನು ಬಾಗಿಸುತ್ತದೆ.

4. ಸಪಾಟು ಹಲಗೆಯ ಮೇಲೆ ಜೋಡಣೆ

ಕಟ್ಟುವ ಮೇಜು ಸಪಾಟಾಗಿರಬೇಕು. ಊಟದ ಮೇಜು ಸಪಾಟಾಗಿ ಕಾಣುತ್ತದೆ, ಇರುವುದಿಲ್ಲ. ದಪ್ಪ ಗಾಜು ಅಥವಾ ನಯವಾದ ಗ್ರಾನೈಟ್ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಟು ಹತ್ತದಿರಲು ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ.

ದೋಣಿಯನ್ನು ತಲೆಕೆಳಗಾಗಿ ಕಟ್ಟುತ್ತೇವೆ. ಚೌಕಟ್ಟುಗಳನ್ನು ಹಲಗೆಗೆ ನಿಲ್ಲಿಸಿ, ಮೂಲೆಮಟ್ಟ ಹಿಡಿದು ಪ್ರತಿಯೊಂದೂ ನೆಟ್ಟಗಿದೆಯಾ ನೋಡಿ. ಸುರಂಗದ ಪಕ್ಕಗಳನ್ನೂ ಟ್ರಾನ್ಸಮ್ಮನ್ನೂ ಸೇರಿಸಿ. ಇಲ್ಲಿಯವರೆಗೆ ಅಂಟು ಹಾಕಿಲ್ಲ, ನೆನಪಿರಲಿ. ಎಲ್ಲ ಕೂತ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ದಾರದಿಂದ ಅಳೆಯಿರಿ. ಎರಡೂ ಸಮ ಇದ್ದರೆ ಮಾತ್ರ ಕೂಡುಗಳಿಗೆ ತೆಳು ಸೂಪರ್ ಗ್ಲೂ ಒಂದೊಂದೇ ಹನಿ ಬಿಡಿ. ಆಮೇಲೆ ಸುರಂಗದ ಚಾವಣಿ ಕೂರಿಸಿ ಎಪಾಕ್ಸಿ ಹಚ್ಚಿ.

ತಿರುಚು ಇದೆಯಾ ಅಂತ ನೋಡಲು ಬಡಗಿಗಳ ಹಳೇ ಉಪಾಯವೊಂದಿದೆ. ಎರಡು ನೇರ ಕಡ್ಡಿ ತೆಗೆದುಕೊಳ್ಳಿ. ಒಂದನ್ನು ಸ್ಪಾನ್ಸನ್‌ಗಳ ಮೇಲೆ ಮುಂಭಾಗದಲ್ಲಿ ಅಡ್ಡ ಇಡಿ, ಇನ್ನೊಂದನ್ನು ಹಿಂಭಾಗದಲ್ಲಿ. ಬಗ್ಗಿ ಒಂದು ಕಣ್ಣು ಮುಚ್ಚಿ, ಹತ್ತಿರದ ಕಡ್ಡಿಯ ಮೇಲಂಚಿನಿಂದ ದೂರದ ಕಡ್ಡಿಯನ್ನು ನೋಡಿ. ಎರಡೂ ಗೆರೆ ಒಂದಾಗಿ ಕಂಡರೆ ಸರಿ. ದೂರದ ಕಡ್ಡಿಯ ಒಂದು ತುದಿ ಮಾತ್ರ ಇಣುಕಿದರೆ ಒಡಲು ತಿರುಚಿದೆ. ಅರ್ಧ ಮಿಲಿಮೀಟರ್ ತಿರುಚಿದ್ದರೂ ಕಣ್ಣಿಗೆ ಸಿಕ್ಕಿಬೀಳುತ್ತದೆ.

ಎಚ್ಚರಿಕೆ: ತಳದ ಹಾಳೆಗಳನ್ನು ಅಂಟಿಸಿ ಪೂರ್ತಿ ಒಣಗುವವರೆಗೆ ದೋಣಿಯನ್ನು ಹಲಗೆಯಿಂದ ಎತ್ತಬೇಡಿ. ತಳ ಮುಚ್ಚಿದ ಮೇಲೆಯೇ ಒಡಲು ಪೆಟ್ಟಿಗೆಯ ಹಾಗೆ ಬಿಗಿಯಾಗುವುದು. ಅದಕ್ಕೆ ಮುಂಚೆ "ಸುಮ್ನೆ ಒಂದ್ಸಲ ನೋಡೋಣ" ಅಂತ ಎತ್ತಿದರೆ, ಎತ್ತಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಹೀಗೆ ಕೆಡಿಸಿಕೊಂಡ ಒಂದು ಒಡಲು ನನ್ನ ಅಟ್ಟದ ಮೇಲೆ ಈಗಲೂ ಇದೆ.

5. ತಳ ಮತ್ತು ಅಂಚು

ಇಡೀ ದೋಣಿಯಲ್ಲಿ ನಿಮ್ಮ ತಾಳ್ಮೆ ಖರ್ಚಾಗಬೇಕಾದ ಜಾಗ ಇದು. ನೀರು ಮುಟ್ಟುವುದು ಸ್ಪಾನ್ಸನ್ ತಳದ ಹಿಂದಿನ ಕೆಲವು ಅಂಗುಲ ಮಾತ್ರ. ಅಷ್ಟು ಜಾಗ ಸರಿಯಿದ್ದರೆ ಬೇರೆ ತಪ್ಪುಗಳೆಲ್ಲ ಮಾಫಿ.

ಒಣಗಿದ ತಳದ ಮೇಲೆ ಸ್ಟೀಲ್ ಸ್ಕೇಲನ್ನು ಉದ್ದಕ್ಕೆ ನಿಲ್ಲಿಸಿ, ಹಿಂದೆ ಬೆಳಕು ಇಟ್ಟು ನೋಡಿ. ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ. ಇದಕ್ಕೆ ಹುಕ್ ಅನ್ನುತ್ತಾರೆ. ಇದು ಓಡುವಾಗ ಮೂತಿಯನ್ನು ನೀರಿಗೆ ಒತ್ತುತ್ತದೆ. ಎರಡು ತುದಿಯಲ್ಲಿ ಬೆಳಕು ಕಂಡು ಸ್ಕೇಲ್ ತೂಗಾಡಿದರೆ ತಳ ಹೊರಕ್ಕೆ ಉಬ್ಬಿದೆ. ಇದು ರಾಕರ್. ಕುಣಿಯುವ ದೋಣಿಗಳ ಕಾಯಿಲೆ ಬಹಳ ಸಲ ಇದೇ. ಉಬ್ಬನ್ನು ಗಟ್ಟಿ ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರ್‌ನಿಂದ ಇಳಿಸಿ. ಬರಿಗೈಯಲ್ಲಿ ಉಜ್ಜಬೇಡಿ, ಬೆರಳಿನ ಒತ್ತಡಕ್ಕೆ ಅಲ್ಲಲ್ಲಿ ಗುಳಿ ಬೀಳುತ್ತದೆ. ತಗ್ಗನ್ನು ಎಪಾಕ್ಸಿಗೆ ಮೈಕ್ರೋಬಲೂನ್ ಎಂಬ ಹಗುರ ಪುಡಿ ಬೆರೆಸಿ ತುಂಬಿ, ಒಣಗಿದ ಮೇಲೆ ಸಮ ಮಾಡಿ. 1 ಮಿ.ಮೀ. ಪ್ಲೈ ಅಂದರೆ ಮೂರೇ ಪದರ. ಮೇಲಿನ ಪದರ ಸವೆದು ಬಣ್ಣ ಬದಲಾಗುವುದು ಕಂಡ ಕೂಡಲೇ ಉಜ್ಜುವುದು ನಿಲ್ಲಿಸಿ.

ಇನ್ನು ಅಂಚು. ತಳದ ಹಿಂತುದಿ ಮತ್ತು ಸುರಂಗದ ಕಡೆಯ ಅಂಚು ಚೂಪಾಗಿರಬೇಕು. ಅಂಚು ದುಂಡಗಿದ್ದರೆ ನೀರು ಬಿಟ್ಟುಹೋಗದೆ ಅಂಟಿಕೊಂಡು ಪಕ್ಕಕ್ಕೆ ಹತ್ತುತ್ತದೆ. ನಲ್ಲಿಯ ಕೆಳಗೆ ಚಮಚದ ಬೆನ್ನು ಹಿಡಿದು ನೋಡಿದ್ದೀರಲ್ಲ, ನೀರು ಅದನ್ನು ತಬ್ಬಿಕೊಂಡು ಹರಿಯುತ್ತದೆ. ಅದೇ ಇಲ್ಲೂ ಆಗುವುದು. ಅಂಚಿಗೆ ತೆಳು ಸೂಪರ್ ಗ್ಲೂ ಕುಡಿಸಿ, ಗಟ್ಟಿಯಾದ ಮೇಲೆ ಉಜ್ಜಿ, ಮತ್ತೆ ಕುಡಿಸಿ. ಮೂರು ಸಲ ಮಾಡಿದರೆ ಉಗುರು ಆಡಿಸಿದಾಗ ಕೆರೆಯುವಷ್ಟು ಚೂಪು ಅಂಚು ಬರುತ್ತದೆ. ಅದು ಸಾಕು.

ಹೊರ ಅಂಚಿನ ಕಥೆ ಬೇರೆ. ಸ್ಪಾನ್ಸನ್‌ನ ಹೊರಬದಿಯಲ್ಲಿ ಓರೆಯಾದ ಒಂದು ಪಟ್ಟಿ ಇರುತ್ತದೆ, ಅದಕ್ಕೆ ನಾನ್-ಟ್ರಿಪ್ ಅನ್ನುತ್ತಾರೆ. ತಿರುವಿನಲ್ಲಿ ದೋಣಿ ಪಕ್ಕಕ್ಕೆ ಜಾರಿದಾಗ ಅಂಚು ನೀರಿಗೆ ಕಚ್ಚಿ ಮಗುಚದಂತೆ ಈ ಓರೆ ಕಾಪಾಡುತ್ತದೆ. ನಕ್ಷೆಯಲ್ಲಿ ಇರುವ ಕೋನವನ್ನೇ ಇಟ್ಟುಕೊಳ್ಳಿ. ಚೆಂದ ಕಾಣಲಿ ಅಂತ ನೆಟ್ಟಗೆ ಮಾಡಿದವರ ದೋಣಿ ಮೊದಲ ತಿರುವಿಗೇ ಬೆನ್ನು ತೋರಿಸುತ್ತದೆ.

6. ಒಳಗಿನ ಲೇಪ ಮತ್ತು ತೇಲುವ ಫೋಮ್

ಈಗ ದೋಣಿಯನ್ನು ಎತ್ತಿ ನೆಟ್ಟಗೆ ತಿರುಗಿಸಬಹುದು. ಒಳಗಿನ ಮರಕ್ಕೆಲ್ಲ ತೆಳು ಎಪಾಕ್ಸಿ ಹಚ್ಚಿ. ಹಚ್ಚುವುದು ಅಂದರೆ ಸುರಿಯುವುದಲ್ಲ. ಬ್ರಷ್‌ನಿಂದ ಹರಡಿ, ಹತ್ತು ನಿಮಿಷ ಬಿಟ್ಟು, ಮೂಲೆಯಲ್ಲಿ ಕೆರೆ ಕಟ್ಟಿದ್ದನ್ನೆಲ್ಲ ಪೇಪರ್ ಟವೆಲಿನಿಂದ ಒರೆಸಿ ತೆಗೆಯಿರಿ. ಮರ ಒದ್ದೆಯಾದಂತೆ ಕಾಣಬೇಕು, ಹೊಳೆಯಬಾರದು. ಒಳಗಡೆಗೆ 15ರಿಂದ 20 ಗ್ರಾಂ ಮೀರಿದರೆ ನೀವು ಜಾಸ್ತಿ ಹಾಕಿದ್ದೀರಿ ಅಂತಲೇ ಅರ್ಥ.

ಎಪಾಕ್ಸಿ ಬೆರೆಸುವಾಗ ಡಬ್ಬಿ ಮೇಲಿನ ಬರಹ ಓದಿ. ಅಳತೆ ಪರಿಮಾಣದಲ್ಲೋ ತೂಕದಲ್ಲೋ ಅನ್ನುವುದು ಮುಖ್ಯ. ಎರಡೂ ದ್ರವಗಳ ಸಾಂದ್ರತೆ ಬೇರೆ. ಪರಿಮಾಣದ ಲೆಕ್ಕವನ್ನು ತಕ್ಕಡಿಯಲ್ಲಿ ಹಾಕಿದರೆ ವಾರ ಕಳೆದರೂ ಅಂಟಂಟಾಗಿಯೇ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಎಪಾಕ್ಸಿ ಚರ್ಮಕ್ಕೆ ಒಮ್ಮೆ ಅಲರ್ಜಿ ಹಿಡಿಸಿದರೆ ಅದು ಬಿಡುವುದಿಲ್ಲ.

ಆಮೇಲೆ ಸ್ಪಾನ್ಸನ್‌ಗಳ ಒಳಗೆ ಫೋಮ್ ತುಂಬಿ. ಒಂದು ಲೀಟರ್ ಜಾಗ ತುಂಬಿದ ಎಕ್ಸ್‌ಪಿಎಸ್ ಫೋಮ್, ಅಂದರೆ ಶಾಖ ತಡೆಯಲು ಬಳಸುವ ಗಟ್ಟಿ ಹಲಗೆ ಫೋಮ್, ನೀರಲ್ಲಿ ಮುಳುಗಿದಾಗ ಸುಮಾರು 970 ಗ್ರಾಂ ಎತ್ತಿ ಹಿಡಿಯುತ್ತದೆ. ನಮ್ಮ 800 ಗ್ರಾಂ ದೋಣಿಗೆ ಮುಕ್ಕಾಲು ಲೀಟರ್ ಧಾರಾಳವಾಯಿತು, ಮರವೇ ಸ್ವಲ್ಪ ತೇಲುತ್ತದಲ್ಲ. ಫೋಮ್ ಎಡ-ಬಲ ಸಮವಾಗಿರಲಿ. ಮಾಮೂಲಿ ಸೂಪರ್ ಗ್ಲೂ ಈ ಫೋಮನ್ನು ಕರಗಿಸಿಬಿಡುತ್ತದೆ, ಪಾಲಿಯೆಸ್ಟರ್ ರೆಸಿನ್ ಕೂಡ. ಎಪಾಕ್ಸಿ ಏನೂ ಮಾಡುವುದಿಲ್ಲ.

ಮೇಲ್ಮುಚ್ಚಳ ಅಂಟಿಸುವ ಮುಂಚೆ ನೀರಿನ ಕೊಳವೆ, ವೈರು, ಆಂಟೆನಾ ದಾರಿ ಎಲ್ಲ ಹಾಕಿ ಆಗಿದೆಯಾ ನೋಡಿ. ಮುಚ್ಚಿದ ಮೇಲೆ ನೆನಪಾಗುವುದು ಎಲ್ಲರಿಗೂ ಆಗುವಂಥದ್ದೇ.

7. ಹೊರ ಲೇಪ, ಬಣ್ಣ

ಚದರ ಮೀಟರ್‌ಗೆ 25 ಗ್ರಾಂ ತೂಗುವ ತೆಳು ಫೈಬರ್‌ಗ್ಲಾಸ್ ಬಟ್ಟೆಯನ್ನು ತಳಕ್ಕೆ ಮತ್ತು ಮೂತಿಗೆ ಹೊದಿಸಿ. ಹಳೇ ಪ್ಲಾಸ್ಟಿಕ್ ಕಾರ್ಡ್ ಒಂದರಿಂದ ಹೆಚ್ಚುವರಿ ಎಪಾಕ್ಸಿಯನ್ನು ಎಳೆದು ತೆಗೆಯಿರಿ, ಬಟ್ಟೆಯ ನೇಯ್ಗೆ ಕಾಣುತ್ತಿರಬೇಕು. ತಳವನ್ನು ಕನ್ನಡಿ ಮಾಡಲು ಹೋಗಬೇಡಿ, 400 ನಂಬರ್ ಸ್ಯಾಂಡ್‌ಪೇಪರ್‌ನ ಹದ ಸಾಕು. ಬಟ್ಟೆ ಹಾಕಿದ ಮೇಲೆ ಅಂಚು ಮತ್ತೆ ದುಂಡಗಾಗಿರುತ್ತದೆ, ಇನ್ನೊಮ್ಮೆ ಚೂಪು ಮಾಡಿ. ಬಣ್ಣ ಎರಡು ತೆಳು ಪದರ. ಐದು ಪದರ ಹೊಡೆದು ಮಿಂಚಿಸುವವರನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನೆನಪಾಗುತ್ತದೆ. ಆದರೆ ಒಂದು ಮಾತು, ಮೇಲ್ಭಾಗಕ್ಕೆ ಕಿತ್ತಳೆಯೋ ಹಳದಿಯೋ ಇರಲಿ, ತಳಕ್ಕೆ ಬೇರೆ ಬಣ್ಣ ಇರಲಿ. ದೂರದಲ್ಲಿ ಮಗುಚಿದೆಯಾ ಇಲ್ಲವಾ ಅಂತ ಕೂಡಲೇ ತಿಳಿಯುತ್ತದೆ.

8. ಔಟ್‌ಬೋರ್ಡ್ ಕೂರಿಸುವುದು

ಔಟ್‌ಬೋರ್ಡ್ ಅಂದರೆ ಮೋಟಾರ್, ಕಾಲು, ಪ್ರೊಪೆಲ್ಲರ್ ಎಲ್ಲ ಒಂದೇ ಘಟಕವಾಗಿ ದೋಣಿಯ ಹಿಂದೆ ನೇತಾಡುವುದು. ಚುಕ್ಕಾಣಿ ಬೇರೆ ಇರುವುದಿಲ್ಲ, ಇಡೀ ಘಟಕವೇ ತಿರುಗುತ್ತದೆ. ಕೆಲವದರಲ್ಲಿ ಒಳಗೆ ಗೇರ್ ಇರುತ್ತದೆ. ಹಲವದರಲ್ಲಿ ಫ್ಲೆಕ್ಸ್ ಕೇಬಲ್, ಅಂದರೆ ತಂತಿ ಹೆಣೆದು ಮಾಡಿದ ಬಾಗುವ ದಂಡ, ಬಾಗಿ ಬಂದು ಪ್ರೊಪೆಲ್ಲರ್ ತಿರುಗಿಸುತ್ತದೆ.

ಟ್ರಾನ್ಸಮ್‌ನ ನಟ್ಟನಡುವೆ ಗೆರೆ ಎಳೆದು ಬ್ರಾಕೆಟ್ ಕೂರಿಸಿ. ಸ್ಕ್ರೂ ತೂತುಗಳನ್ನು ಉದ್ದ ಚಡಿ ಮಾಡಿ, ಎತ್ತರ ಹೊಂದಿಸಲು ಬೇಕೇ ಬೇಕು. ದೋಣಿಯನ್ನು ಸಪಾಟು ಹಲಗೆ ಮೇಲಿಟ್ಟು, ಪ್ರೊಪೆಲ್ಲರ್ ದಂಡ ಹಲಗೆಗೆ ಸಮಾಂತರವಾಗಿರುವಂತೆ ಮಾಡಿ. ದಂಡದ ನಡುಗೆರೆ ಸ್ಪಾನ್ಸನ್ ತಳದ ಗೆರೆಯ ಮಟ್ಟದಲ್ಲೇ ಇರುವಂತೆ ಶುರು ಮಾಡಿ. ಉಳಿದದ್ದನ್ನು ನೀರಲ್ಲಿ ನೋಡಿಕೊಳ್ಳೋಣ.

ಫ್ಲೆಕ್ಸ್ ಕೇಬಲ್ ಇದ್ದರೆ ಎರಡು ವಿಷಯ. ಒಂದು, ಹೊರೆ ಬಿದ್ದಾಗ ಅದು ಬಿಗಿಯಾಗಿ ಗಿಡ್ಡವಾಗುತ್ತದೆ. ಪ್ರೊಪೆಲ್ಲರ್ ಹಿಡಿಯುವ ಡಾಗ್ ಎಂಬ ತುಂಡಿಗೂ ಅದರ ಮುಂದಿನ ಬೇರಿಂಗ್‌ಗೂ ನಡುವೆ 2 ಮಿ.ಮೀ. ಜಾಗ ಬಿಡಿ. ಬಿಡದಿದ್ದರೆ ಬೇರಿಂಗ್ ಉಜ್ಜಿ ಹೋಗುತ್ತದೆ. ಎರಡು, ತಿರುಗುವ ದಿಕ್ಕು. ಹೆಣಿಗೆ ಬಿಗಿಯಾಗುವ ಕಡೆಗೇ ತಿರುಗಬೇಕು. ಉಲ್ಟಾ ತಿರುಗಿಸಿದರೆ ಹಗ್ಗದ ಹುರಿಯಂತೆ ಬಿಚ್ಚಿಕೊಂಡು ಹಾಳಾಗುತ್ತದೆ. ಮೋಟಾರ್ ದಿಕ್ಕು ಬದಲಿಸಲು ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಇದನ್ನು ಮೇಜಿನ ಮೇಲೆ ನೋಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಸಾವಿರಾರು ಸುತ್ತು ತಿರುಗುವ ಹರಿತ ಲೋಹ ಬೆರಳಿನ ಮುಲಾಜು ನೋಡುವುದಿಲ್ಲ.

ಸರ್ವೋದಿಂದ ಔಟ್‌ಬೋರ್ಡ್‌ಗೆ ಹೋಗುವ ಕಡ್ಡಿಯಲ್ಲಿ ಒಂಚೂರೂ ಸಡಿಲ ಇರಬಾರದು. ಪ್ರೊಪೆಲ್ಲರ್ ಹಿಡಿದು ಎಡಬಲ ಅಲ್ಲಾಡಿಸಿ ನೋಡಿ, ಟಿಕ್ ಟಿಕ್ ಅಂದರೆ ಆ ಕೂಡು ಬದಲಿಸಿ.

9. ಒಳಗಿನ ಸಾಮಾನು

ನೀರು ತಂಪಿನ ದಾರಿ ಹೀಗಿರಲಿ: ಔಟ್‌ಬೋರ್ಡ್ ಕಾಲಿನ ತೂತಿನಿಂದ ಮೊದಲು ಇಎಸ್‌ಸಿಗೆ, ಅಲ್ಲಿಂದ ಮೋಟಾರ್‌ಗೆ, ಆಮೇಲೆ ಹೊರಕ್ಕೆ. ಹೊರಬರುವ ತೂತು ನಿಮಗೆ ಕಾಣುವ ಕಡೆ ಇರಲಿ. ಓಡುವಾಗ ನೀರಿನ ಸಣ್ಣ ಎಳೆ ಚಿಮ್ಮುತ್ತಿದ್ದರೆ ನೆಮ್ಮದಿ. ನಿಂತರೆ ಕೂಡಲೇ ದಡಕ್ಕೆ ತನ್ನಿ.

ವೈರು ಉದ್ದ ಮಾಡಬೇಕಾಗಿ ಬಂದರೆ ಮೋಟಾರ್ ಕಡೆಯದ್ದನ್ನು ಮಾಡಿ, ಬ್ಯಾಟರಿ ಕಡೆಯದ್ದು ಬೇಡ. ಬ್ಯಾಟರಿ ವೈರು ಉದ್ದವಾದರೆ ಇಎಸ್‌ಸಿಯೊಳಗಿನ ಕೆಪಾಸಿಟರ್‌ಗಳು ಸುಸ್ತಾಗಿ ಸಾಯುತ್ತವೆ. ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟಿ. ಅದರ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಬೇಕು, ಏಕೆಂದರೆ 2.4 ಗಿಗಾಹರ್ಟ್ಸ್ ಸಂಕೇತ ನೀರನ್ನು ದಾಟುವುದಿಲ್ಲ. ಕಾರ್ಬನ್ ಫೈಬರ್ ಮುಚ್ಚಳವೂ ಅದನ್ನು ತಡೆಯುತ್ತದೆ.

ಫೇಲ್‌ಸೇಫ್ ಹೊಂದಿಸದೆ ನೀರಿಗೆ ಬಿಡಬೇಡಿ. ರಿಮೋಟ್ ಸಂಪರ್ಕ ತಪ್ಪಿದರೆ ಮೋಟಾರ್ ತಾನೇ ನಿಲ್ಲುವ ಏರ್ಪಾಡು ಅದು. ಪ್ರೊಪೆಲ್ಲರ್ ಬಿಚ್ಚಿ, ಸ್ವಲ್ಪ ಥ್ರಾಟಲ್ (ಮೋಟಾರ್ ವೇಗ ಏರಿಸುವ ರಿಮೋಟಿನ ಹಿಡಿ) ಕೊಟ್ಟು, ರಿಮೋಟ್ ಆಫ್ ಮಾಡಿ. ಮೋಟಾರ್ ನಿಂತರೆ ಸರಿ.

ಲಿಪೋ ವಿಷಯದಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗೆ ಇಳಿದರೆ ಕೆಡುತ್ತದೆ. ಇಎಸ್‌ಸಿಯ ಕಟ್ಆಫನ್ನು, ಅಂದರೆ ಅದು ಮೋಟಾರ್‌ಗೆ ಕರೆಂಟ್ ಕಡಿಯುವ ಮಟ್ಟವನ್ನು, ಸೆಲ್ಲಿಗೆ 3.3ಕ್ಕೆ ಇಡಿ. 2200 ಎಂಎಎಚ್‌ನಲ್ಲಿ ನೂರಕ್ಕೆ 80 ಪಾಲು ಮಾತ್ರ ಬಳಸಿ, ಸರಾಸರಿ 25 ಆಂಪಿಯರ್ ಎಳೆದರೆ ನಾಲ್ಕು ನಿಮಿಷದ ಓಟ. ರಿಮೋಟಿನಲ್ಲಿ ಮೂರೂವರೆ ನಿಮಿಷಕ್ಕೆ ಅಲಾರಂ ಇಡಿ. ಉಬ್ಬಿದ ಬ್ಯಾಟರಿ ಬಳಸಬೇಡಿ. ಓಡಿ ಬಂದ ಬಿಸಿ ಬ್ಯಾಟರಿಯನ್ನು ತಣಿಯುವವರೆಗೆ ಚಾರ್ಜ್‌ಗೆ ಹಾಕಬೇಡಿ. ಚಾರ್ಜ್ ಆಗುವಾಗ ಬಿಟ್ಟು ಹೋಗಬೇಡಿ.

10. ತೂಕದ ನಡುಬಿಂದು

ಎಲ್ಲ ಜೋಡಿಸಿ, ಬ್ಯಾಟರಿ ಇಟ್ಟು, ದೋಣಿಯನ್ನು ಎರಡು ಬೆರಳ ಮೇಲೆ ತೂಗಿಸಿ. ಯಾವ ಜಾಗದಲ್ಲಿ ಸಮವಾಗಿ ನಿಲ್ಲುತ್ತದೋ ಅದು ನಡುಬಿಂದು. ಟ್ರಾನ್ಸಮ್‌ನಿಂದ ಅಳೆದರೆ ಒಡಲಿನ ಉದ್ದದ ನೂರಕ್ಕೆ 30ರ ಹತ್ತಿರ ಇರಲಿ. 500 ಮಿ.ಮೀ. ದೋಣಿಗೆ 150 ಮಿ.ಮೀ. ಇದು ಶುರುವಿನ ಅಂಕಿ ಅಷ್ಟೇ. ಹೊಂದಿಸುವುದು ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿಯೇ ಹೊರತು ಸೀಸದ ತುಂಡು ಅಂಟಿಸಿ ಅಲ್ಲ. ಅದಕ್ಕೇ ಬ್ಯಾಟರಿ ತಟ್ಟೆಯನ್ನು ಉದ್ದ ಮಾಡಿ, ವೆಲ್ಕ್ರೋ ಹಾಕಿ.

11. ನೀರಿಗೆ

ಗಾಳಿ ಇಲ್ಲದ ಹೊತ್ತು, ಈಜುವವರೂ ಹಕ್ಕಿಗಳೂ ಇಲ್ಲದ ನೀರು ಆರಿಸಿ. ಮುಚ್ಚಳದ ಸುತ್ತ ಟೇಪ್ ಹಾಕಿ. ದೋಣಿ ನಡುನೀರಲ್ಲಿ ನಿಂತರೆ ಈಜಿಕೊಂಡು ಹೋಗಬೇಡಿ. ಲೈಫ್ ಜಾಕೆಟ್ ಹಾಕಿಕೊಂಡು ಪುಟ್ಟ ದೋಣಿಯಲ್ಲಿ ಹೋಗಿ, ಇಲ್ಲವೇ ಗಾಳಿ ಅದನ್ನು ದಡಕ್ಕೆ ತರುವವರೆಗೆ ಕಾಯಿರಿ.

ಮೊದಲ ಎರಡು ಸುತ್ತು ಅರ್ಧ ಥ್ರಾಟಲ್. ಆಮೇಲೆ ನೇರ ದಾರಿಯಲ್ಲಿ ಮಾತ್ರ ಪೂರ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಬ್ಯಾಟರಿ ಸರಿಸಿ, ಎತ್ತರವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು.

ಮೂತಿ ತಗ್ಗಿ ನೀರು ಚಿಮ್ಮಿಸುತ್ತಾ ನಿಧಾನವಾಗಿ ಹೋಗುತ್ತಿದೆಯೇ? ಬ್ಯಾಟರಿಯನ್ನು 5 ಮಿ.ಮೀ. ಹಿಂದೆ ಸರಿಸಿ, ಅಥವಾ ಬ್ರಾಕೆಟ್‌ಗೆ ತೆಳು ಬಿಲ್ಲೆ ಕೊಟ್ಟು ಔಟ್‌ಬೋರ್ಡ್ ಕಾಲನ್ನು ಒಂದು ಡಿಗ್ರಿಯಷ್ಟು ಹೊರಕ್ಕೆ ಚಾಚಿಸಿ. ಮೂತಿ ಏಳುತ್ತದೆ.

ಮೂತಿ ಜಾಸ್ತಿ ಎದ್ದು, ಗಾಳಿ ಬೀಸಿದಾಗ ಹಿಂದಕ್ಕೆ ಪಲ್ಟಿ ಹೊಡೆಯುತ್ತಿದೆಯೇ? ಇದರ ಉಲ್ಟಾ ಮಾಡಿ. ಸುರಂಗದ ಗಾಳಿ ತೂಕವನ್ನು ಗೆದ್ದಿದೆ ಅಂತ ಅರ್ಥ. ಗಾಳಿಯ ದಿನ ಬ್ಯಾಟರಿಯನ್ನು ಸ್ವಲ್ಪ ಮುಂದಿಟ್ಟುಕೊಂಡೇ ಹೋಗುವುದು ಜಾಣತನ.

ಕುಣಿಯುತ್ತಿದ್ದರೆ ಮೊದಲು ಕಾಲನ್ನು ಒಳಕ್ಕೆ ತನ್ನಿ, ಆಮೇಲೆ ಬ್ಯಾಟರಿ ಮುಂದೆ ಸರಿಸಿ. ಎರಡಕ್ಕೂ ಬಗ್ಗದಿದ್ದರೆ 5ನೇ ಹಂತಕ್ಕೆ ವಾಪಸ್ ಹೋಗಿ, ಸ್ಕೇಲ್ ತೆಗೆದುಕೊಳ್ಳಿ.

ದೋಣಿ ಒಂದೇ ಕಡೆ ವಾಲಿದರೆ ಅದು ಪ್ರೊಪೆಲ್ಲರ್ ತಿರುಗುವುದಕ್ಕೆ ಒಡಲು ಕೊಡುವ ಎದುರೇಟು. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದರೆ ಬಲ ಸ್ಪಾನ್ಸನ್ ತಗ್ಗುತ್ತದೆ, ಮೂತಿಯೂ ಬಲಕ್ಕೆ ಎಳೆಯುತ್ತದೆ. ಬ್ಯಾಟರಿಯನ್ನು ಐದಾರು ಮಿಲಿಮೀಟರ್ ಎಡಕ್ಕೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕೊನೆಗೆ ಎತ್ತರ. ಔಟ್‌ಬೋರ್ಡನ್ನು ಒಂದೊಂದೇ ಮಿಲಿಮೀಟರ್ ಮೇಲೆತ್ತುತ್ತಾ ಹೋಗಿ. ನೀರಲ್ಲಿರುವ ಲೋಹ ಕಡಿಮೆಯಾದಷ್ಟೂ ಎಳೆತ ಕಡಿಮೆ, ವೇಗ ಜಾಸ್ತಿ. ಒಂದು ಹಂತದಲ್ಲಿ ತಿರುವಿನಿಂದ ಹೊರಬರುವಾಗ ಮೋಟಾರ್ ಸದ್ದು ಕೀಚಲಾಗಿ ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗದೆ ಅಲ್ಲೇ ತೊಳಲಾಡುತ್ತದೆ. ಪ್ರೊಪೆಲ್ಲರ್ ನೀರಿನ ಬದಲು ಗಾಳಿ ಕಚ್ಚುತ್ತಿದೆ. ಅಲ್ಲಿಂದ ಒಂದು ಮಿಲಿಮೀಟರ್ ಇಳಿಸಿ ಸ್ಕ್ರೂ ಬಿಗಿ ಮಾಡಿ. ಆ ಜಾಗಕ್ಕೆ ಟ್ರಾನ್ಸಮ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪ್ರೊಪೆಲ್ಲರ್ ಬದಲಿಸಿದರೆ ಗೆರೆಯೂ ಬದಲಾಗುತ್ತದೆ, ಆದ್ದರಿಂದ ಪಕ್ಕದಲ್ಲಿ ವ್ಯಾಸವನ್ನೂ ಬರೆಯಿರಿ.

ಮನೆಗೆ ಬಂದ ಮೇಲೆ ಟೇಪ್ ಕಿತ್ತು ಮುಚ್ಚಳ ತೆರೆದಿಡಿ, ಒಳಗಿನ ತೇವ ಆರಲಿ. ಫ್ಲೆಕ್ಸ್ ಕೇಬಲ್ ಹೊರಗೆಳೆದು ಒರೆಸಿ, ಹೊಸ ಗ್ರೀಸ್ ಹಚ್ಚಿ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟ್‌ಗೆ ತಂದು ಎತ್ತಿಡಿ. ದೋಣಿಯನ್ನು ಇನ್ನೊಮ್ಮೆ ತೂಗಿ. ಬೆಳಿಗ್ಗೆಗಿಂತ 10 ಗ್ರಾಂ ಜಾಸ್ತಿ ಬಂದರೆ ಎಲ್ಲೋ ಒಂದು ಕಡೆ ಮರ ನೀರು ಕುಡಿದಿದೆ. ಮೊದಲು ಟ್ರಾನ್ಸಮ್‌ನ ಸ್ಕ್ರೂ ತೂತುಗಳನ್ನು ನೋಡಿ.